ಏಳನೇ ರೂಮಿನ ನೀರು

“ಮೂದೇವಿ ಮುಂಡೇ! ನೀರು ನಿಮ್ಮಪ್ಪ ಲಾರೀಲಿ ತಂದು ಸುರೀತಾನೇನೇ?”

ಬಚ್ಚಲಿಗೆ ಬಗ್ಗಿಸಿದ್ದ ಬಕೀಟನ್ನು ಬೋರಮ್ಮ ಸಟಕ್ಕನೆ ನೆಟ್ಟಗೆ ಮಾಡಿದಳು. ಹಿಂದೆ ಆಸ್ಪತ್ರೆಯ ಮ್ಯಾನೇಜರ್ ಮಧ್ವರಾಜ ನಿಂತಿದ್ದರು.

“ಏಳ್ನೇ ರೂಮ್ ಒರ್ಸಿದ್ ನೀರು ಬುದ್ಧಿ. ಚೆಲ್ಬುಟ್ಟು, ಬ್ಯಾರೆ ಇಡ್ಕಂಡು ಕೆಳೀಕ್ ಓಗವ ಅಂತ...”

“ಚೆಲ್ಲೋಕೆ ಇದೇನು ಕಾವೇರಿಯಾ? ತಣ್ಣಿ ಲಾರಿ ಬಂದು ಎಷ್ಟು ದಿನ ಆಯ್ತು ಗೊತ್ತೇನೇ ಸನಿಯನೇ? ಫಿನಾಯಿಲ್ ಬಿದ್ದ ಮೇಲೆ ಅದು ತೀರ್ಥ ಇದ್ದ ಹಾಗೆ. ಪೋ, ಕೆಳಗಿನ ವಾರ್ಡ್ ಒರೆಸು.”

ಮದ್ರಾಸಿಗೆ ಮದ್ರಾಸೇ ಕೊಡ ಹಿಡಿದು ಬೀದಿಯಲ್ಲಿ ನಿಂತ ವರ್ಷ ಅದು. ಆಸ್ಪತ್ರೆಯಲ್ಲಿ ಒರೆಸುವ ನೀರಿಗೂ ಒಂದು ಮರ್ಯಾದೆಯ ಸಾಲಿತ್ತು. ಹೊಸ ನೀರಲ್ಲಿ ಮೊದಲು ಮಹಡಿಯ ಮ್ಯಾನೇಜರರ ರೂಮು, ಆಮೇಲೆ ಅಲ್ಲಿನ ಸ್ಪೆಷಲ್ ರೂಮುಗಳು, ಕೊನೆಗೆ ಅದೇ ಬಕೀಟು, ಅದೇ ಬಟ್ಟೆ, ಮೆಟ್ಟಿಲಿಳಿದು ಜನರಲ್ ವಾರ್ಡು. ಏಳನೇ ರೂಮಿನಲ್ಲಿ ಸೌಕಾರ್‌ಪೇಟೆಯ ಸೇಠು ಮಲಗಿದ್ದ. ಮುರಿದ ಕಾಲಿಗೆ ಇಲ್ಲೇ ಆಪರೇಷನ್ ಆಗಿ, ಗಾಯ ಕೂಡದೆ ಕೀವು ಕಟ್ಟಿತ್ತು. ಯಾವ ಇಂಜೆಕ್ಷನ್ನಿಗೂ ಬಗ್ಗದ ಕೀವು. ನರ್ಸುಗಳು ಮೂಗು ಬಾಯಿ ಮುಚ್ಚಿಕೊಂಡು, ಕೈಗೆ ಗ್ಲೌಸು ಏರಿಸಿಕೊಂಡು ಒಳಗೆ ಹೋಗುತ್ತಿದ್ದರು. ಬೋರಮ್ಮನಿಗೆ ಒರೆಸುವ ಕೋಲೊಂದನ್ನು ಕೊಟ್ಟಿದ್ದರು.

ಬಕೀಟು ಹೊತ್ತು ಕೆಳಗಿಳಿದಳು. ಬಾಗಿಲ ಬಳಿ ಅದನ್ನಿಟ್ಟು ಮೂಲೆಯ ಮಂಚದತ್ತ ಓಡಿದಳು. ಅಲ್ಲಿದ್ದವಳು ಅವಳ ಮಗಳು ಸುಮತಿ. ಇಲ್ಲಿ ಕಸ ಹೊಡೆಯುವವಳ ಮಗಳೆಂದು ಹೆರಿಗೆಗೆ ಸೇರಿಸಿಕೊಂಡಿದ್ದರು; ಹೊಟ್ಟೆ ಕೊಯ್ದು ಮಗು ತೆಗೆದಿದ್ದರು. ಕೂಸು ಗುಂಡುಗುಂಡಾಗಿ ಚೆನ್ನಾಗಿತ್ತು. ತಾಯಿಯ ಹೊಲಿಗೆ ಮಾತ್ರ ಬಿಟ್ಟುಕೊಂಡಿತ್ತು, ಜ್ವರ ಇಳಿಯುತ್ತಿರಲಿಲ್ಲ.

“ಎರಿಯುದುಮ್ಮಾ...” ಎಂದಳು ಸುಮತಿ. ಮದ್ರಾಸಿನಲ್ಲೇ ಬೆಳೆದವಳು, ನೋವೂ ತಮಿಳಿನಲ್ಲೇ ಬರುತ್ತಿತ್ತು.

“ಉರೀತದಾ ನನ್ ಕಂದಾ? ತಡಿ, ತಡಿ ಕನವ್ವಾ.”

ಹೊದಿಕೆ ಸರಿಸಿದಳು. ಪಟ್ಟಿಯಿಂದ ವಾಸನೆಯೊಂದು ಎದ್ದು ಬಂತು. ಕೊಳೆತ ಹಣ್ಣಿನಂಥ ಆ ಸಿಹಿ ನಾತ ಬೋರಮ್ಮನಿಗೆ ಗೊತ್ತಿತ್ತು; ದಿನಾ ಬೆಳಗ್ಗೆ ಏಳನೇ ರೂಮಿನ ಬಾಗಿಲು ತಳ್ಳಿದರೆ ಮುಖಕ್ಕೆ ರಾಚುತ್ತಿದ್ದುದು ಇದೇ. ಸೇಠು ಮೆಟ್ಟಿಲಿಳಿದವನಲ್ಲ. ಸುಮತಿ ಹತ್ತಿದವಳಲ್ಲ. ಹತ್ತಿ ಇಳಿದದ್ದು ತಾನು, ತನ್ನ ಬಕೀಟು. ಅಯ್ಯೋ ನನ್ನಪ್ಪಾ, ಹೊತ್ತು ತಂದವಳು ನಾನೇನಾ! ಕೂಸು ಅತ್ತಿತು. ಎತ್ತಿಕೊಳ್ಳಲು ಚಾಚಿದ ಕೈಯನ್ನು ಹಿಂದಕ್ಕೆಳೆದು ಸೀರೆಗೆ ಒರೆಸಿದಳು, ಮತ್ತೆ ಮತ್ತೆ ಒರೆಸಿದಳು. ತನ್ನ ಕೈಗೆ ತಾನೇ ಹೆದರಿದಳು.

ಡಾಕ್ಟರಮ್ಮ ಶ್ರೀವಿದ್ಯಾ ಬಂದರು, ಬೆನ್ನಿಗೇ ಮಧ್ವರಾಜ. ಪಟ್ಟಿ ಬಿಚ್ಚಿ ನೋಡಿದ ಡಾಕ್ಟರಮ್ಮ ತುಟಿ ಕಚ್ಚಿಕೊಂಡರು.

“ಸಾರ್, ಯಾವ ಆಂಟಿಬಯೋಟಿಕ್ಕೂ ಕೇಳ್ತಿಲ್ಲ. ಏಳನೇ ರೂಮಿಗೆ ಹೊಸದಾಗಿ ತರಿಸಿದ್ದೀವಲ್ಲ, ಆ ಮೆಡಿಸಿನ್ ಇವಳಿಗೂ ಶುರು ಮಾಡೋಣ. ಬೇರೆ ರೂಮಿಗೆ ಹಾಕೋಣ. ಯಾಕಂದ್ರೆ ಇದೂ ಅದೇ...”

“ಸುಮ್ಮನಿರಮ್ಮಾ!” ಮಧ್ವರಾಜ ಕಣ್ಣು ಕೆಕ್ಕರಿಸಿದರು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ! “ನೋಡೇ ಬೋರಿ, ಇದು ನಿಮ್ಮ ಗುಡಿಸಲಿನ ಗಲೀಜು. ಅಲ್ಲಿಂದ ಅಂಟಿಸಿಕೊಂಡು ಬಂದಿದ್ದಾಳೆ. ಮಧ್ಯಾಹ್ನದೊಳಗೆ ಕರ್ಕೊಂಡು ಹೊರಡು. ಇಲ್ಲೇ ಹೆಚ್ಚುಕಡಿಮೆ ಆದ್ರೆ ಆಸ್ಪತ್ರೆ ಹೆಸರು ಕೆಡುತ್ತೆ.”

“ಮನ್ಗ್ ಒಯ್ದ್ರೆ ಸತ್ತೋಯ್ತಾಳೆ ಬುದ್ಧಿ! ನಿಮ್ ಕಾಲಿಗ್ ಬೀಳ್ತೀನಿ...”

ಅವಳು ಬಗ್ಗಿದ್ದೇ ತಡ, ಮಧ್ವರಾಜ ಹಿಂದಕ್ಕೆ ನೆಗೆದರು. “ಏಯ್, ತೊಡಾದೆ! ಮುಟ್ಟಬೇಡ!”

“ಸೇಟೂಗೂ ಇದೇ ನಾತ ಅದಲ್ಲಾ ಬುದ್ಧಿ. ಆವಯ್ಯಂದೂ ಗುಡ್ಲಾ?”

ಡಾಕ್ಟರಮ್ಮ ನೆಲ ನೋಡಿದರು.

“ನಾಲಿಗೆ ಉದ್ದ ಆಯ್ತು ನಿಂದು! ಮಂಚ ಖಾಲಿ ಮಾಡು. ನಾಳೆಯಿಂದ ಕೆಲಸಕ್ಕೂ ಬರಬೇಡ.”

ಇಬ್ಬರೂ ಹೊರಟುಹೋದರು. ಸುಮತಿ ತಾಯಿಯ ಸೆರಗು ಹಿಡಿದಳು. “ಸೆತ್ತುಡುವೇನಾಮ್ಮಾ?”

ಸತ್ತುಹೋಗುತ್ತೀನಾ ಎಂದು ಕೇಳುವ ಮಗಳಿಗೆ ಏನು ಹೇಳುವುದು? ಬೋರಮ್ಮ ಸೆರಗು ಬಿಡಿಸಿಕೊಂಡಳು. ಬಾಗಿಲ ಬಳಿಯ ಬಕೀಟು, ಒರೆಸುವ ಕೋಲು ಎತ್ತಿಕೊಂಡಳು. ಮೆಟ್ಟಿಲು ಹತ್ತುವಾಗ ನೀರು ತುಳುಕಿ ಪಾದಕ್ಕೆ ಬಿತ್ತು.

ಮ್ಯಾನೇಜರರ ರೂಮಿನ ಹೊಸ್ತಿಲ ಹೊರಗೆ ಚಪ್ಪಲಿಗಳಿದ್ದವು. ಒಳಗೆ ರಾಯರ ಪಟವಿದೆಯೆಂದು ಮಧ್ವರಾಜರೂ ಬರಿಗಾಲಲ್ಲೇ ಕೂರುತ್ತಿದ್ದರು. ಕಾಫಿ ಲೋಟದಿಂದ ತಲೆಯೆತ್ತಿದರು.

“ಏನೇ ಅದು?”

“ಏಳ್ನೇ ರೂಮಿನ್ ನೀರು ಬುದ್ಧಿ. ನೀವೇ ಅಂದ್ರಲ್ಲ ತೀರ್ಥ ಅಂತ.”

ಬಕೀಟು ಬಗ್ಗಿಸಿದಳು. ಬೂದುಬಣ್ಣದ ನೀರು ನೆಲದುದ್ದ ಹರಡಿ ಮೇಜಿನಡಿಗೆ ನುಗ್ಗಿತು. ಮಧ್ವರಾಜ ಚೀರಿ ಎರಡೂ ಕಾಲನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡರು.

“ಯಾಕ್ ಬುದ್ಧಿ ಕಾಲೆತ್ಕಂಡ್ರಿ?”

“ಯಾರ್ರೀ ಅಲ್ಲಿ! ಬನ್ರೋ! ಒರೆಸ್ರೋ ಇದನ್ನ!”

ನರ್ಸುಗಳು ಓಡಿ ಬಂದರು, ಡಾಕ್ಟರಮ್ಮನೂ ಬಂದರು. ಹೊಸ್ತಿಲಲ್ಲೇ ನಿಂತರು. ಯಾರೂ ಒಳಗೆ ಕಾಲಿಡಲಿಲ್ಲ.

“ನನ್ ಮಗಳ್ ಮೈಗೆ ಆ ಔಸ್ದಿ ಬೀಳೋಗಂಟ ಈ ನೀರ ನಾ ಒರ್ಸಾಕಿಲ್ಲ,” ಎಂದಳು ಬೋರಮ್ಮ. ಒರೆಸುವ ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಆ ನೀರಿನಲ್ಲೇ ಕುಕ್ಕರಿಸಿ ಕೂತಳು. ಕೆಳಗೆ ಕೂಸು ಅಳುತ್ತಲೇ ಇತ್ತು. ಮಧ್ವರಾಜ ಕಾಲು ಇಳಿಸಲಿಲ್ಲ.