ಗೇಟಿನಿಂದ ಫೋನು

ಚಿಕ್ಕಮಾವ ಬಂದಾಗ ಬಾಗಿಲು ತೆಗೆಯದೆ ಇರುವುದಕ್ಕೂ ಒಂದು ದಾರಿ ಇದೆ ಎಂದು ವೇಣಿಗೆ ತಿಳಿದದ್ದು ಮದುವೆಯಾಗಿ ಬಹಳ ವರ್ಷಗಳ ಮೇಲೆ, ಅಪಾರ್ಟ್‌ಮೆಂಟಿಗೆ ಬಂದ ಹೊಸದರಲ್ಲಿ.

ಅವತ್ತು ಮಧ್ಯಾಹ್ನ ಅಡುಗೆಮನೆ ಗೋಡೆಯ ಇಂಟರ್‌ಕಾಮ್ ಬಡಿದುಕೊಂಡಿತು. ಗೇಟಿನಿಂದ ಸೂಪರ್‌ವೈಸರ್ ಹನುಮೇಶ ಮಾತಾಡುತ್ತಿದ್ದ.

"ಮೇಡಂ, ಮುನೀಂದ್ರ ಅಂತ ಒಬ್ರು ಬಂದಿದಾರೆ. ನಿಮ್ಮನೆಗೇ ಅಂತೆ. ಬಿಡ್ಲಾ?"

ಬಿಡ್ಲಾ ಎಂದು ಅವಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಮುನೀಂದ್ರ ಅವಳ ಮಾವ ಚಿನ್ನಪ್ಪನವರ ತಮ್ಮ. ಊರಿನ ಮನೆಯಲ್ಲಿದ್ದಾಗ ಅವನು ಹೊತ್ತಿಲ್ಲ ಗೊತ್ತಿಲ್ಲ, ಕುಡಿದು ನೇರ ನಡುಮನೆಗೆ ಬಂದು ಕೂರುತ್ತಿದ್ದ. ಮುದ್ದೆ ಆರಿದೆ ಎಂದು ಒಮ್ಮೆ, ಸಾರು ನೀರಾಗಿದೆ ಎಂದು ಒಮ್ಮೆ, ಏನೂ ಸಿಗದಿದ್ದರೆ ಸೊಸೆ ಎದ್ದು ನಿಲ್ಲಲಿಲ್ಲ ಎಂದು ಒಮ್ಮೆ ತಟ್ಟೆ ಬಿಸಾಡುತ್ತಿದ್ದ. ಚೆಲ್ಲಿದ್ದನ್ನು ಒರೆಸುತ್ತಿದ್ದವಳು ವೇಣಿ. ಮನೆಯ ಗಂಡಸರು ಟಿ.ವಿ. ಕಡೆ ಮುಖ ತಿರುಗಿಸಿಕೊಳ್ಳುತ್ತಿದ್ದರು. ಸ್ವಂತ ತಮ್ಮನಿಗೆ ಬಾಗಿಲು ಹಾಕುವುದುಂಟೇ ಎಂಬುದು ಚಿನ್ನಪ್ಪನವರ ಮಾತು.

"ಮನೇಲಿ ಯಾರೂ ಇಲ್ಲ ಅಂತ ಹೇಳಿ" ಎಂದಳು ವೇಣಿ.

"ಸರಿ ಮೇಡಂ" ಎಂದ ಹನುಮೇಶ. ಅಷ್ಟೇ. ಗೇಟಿನ ಕಡೆಯಿಂದ ಕೂಗಾಟ ಕೇಳಿಸಲಿಲ್ಲ. ಏಳನೇ ಅಂತಸ್ತಿಗೆ ಅದು ಕೇಳಿಸುವುದೂ ಇಲ್ಲ. ಅವಳು ಒಲೆಯ ಮೇಲಿದ್ದ ಬೇಳೆ ಕೆಳಗಿಳಿಸಿ ಒಗ್ಗರಣೆ ಹಾಕಿದಳು.

ಆ ಅಪಾರ್ಟ್‌ಮೆಂಟು ನಿಂತಿದ್ದು ಅಣ್ಣತಮ್ಮಂದಿರ ಹೊಲದಲ್ಲೇ. ಅತ್ತಿಬೆಲೆ ರಸ್ತೆಗೆ ಅಂಟಿಕೊಂಡಿದ್ದ ಜಮೀನನ್ನು ಬಿಲ್ಡರಿಗೆ ಕೊಟ್ಟು, ಪಾಲಿಗೆ ಇಬ್ಬರೂ ಫ್ಲಾಟುಗಳನ್ನು ತೆಗೆದುಕೊಂಡಿದ್ದರು. ಕಟ್ಟಡ ಮೇಲೇಳುವ ಮುಂಚೆಯೇ ಚಿನ್ನಪ್ಪ ತೀರಿಕೊಂಡರು. ಮುನೀಂದ್ರ ತನ್ನ ಪಾಲಿನ ಫ್ಲಾಟುಗಳನ್ನು ಕೈಗೆ ಬಂದಂತೆಯೇ ಮಾರಿ, ಊರಿನ ಮನೆಯಲ್ಲೇ ಉಳಿದ. ಚಿನ್ನಪ್ಪನವರ ಮಗ ಬಾಲಾಜಿ ಕಂಪನಿಗಳಿಗೆ ಸ್ವಂತ ಸ್ಟಾಫ್ ಬಸ್ಸುಗಳನ್ನು ಓಡಿಸುವವನು. ಅವನು ಒಂದು ಫ್ಲಾಟು ಉಳಿಸಿಕೊಂಡು ಮಿಕ್ಕವನ್ನು ಬಾಡಿಗೆಗೆ ಕೊಟ್ಟು, ತಾಯಿ ಮಾರಕ್ಕನನ್ನೂ ಹೆಂಡತಿ ವೇಣಿಯನ್ನೂ ಕರೆದುಕೊಂಡು ಬಂದ.

ಒಂದೇ ಮನೆಯ ಇಬ್ಬರು ಹೆಂಗಸರಿಗೆ ಅಸೋಸಿಯೇಷನ್ನಿನ ನಿಯಮಗಳು ಒಂದೇ ತರ ಕಾಣಲಿಲ್ಲ. ವೇಣಿಗೆ ಅವು ಹಿತವಾಗಿದ್ದವು. ಕಸ ಎತ್ತುವ ಹೊತ್ತು ಗೊತ್ತಿತ್ತು, ರಾತ್ರಿ ಹತ್ತರ ಮೇಲೆ ಮೈಕು ಇರಲಿಲ್ಲ, ಕಾರಿಡಾರಿನಲ್ಲಿ ಬೀಡಿ ಸೇದುವವರಿರಲಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಗೇಟಿನಿಂದ ಫೋನು ಬರುತ್ತಿತ್ತು. ಮಾರಕ್ಕನಿಗೆ ಮೈಯೆಲ್ಲ ಕಟ್ಟಿಹಾಕಿದಂತಾಗಿತ್ತು. ಚಪ್ಪಲಿ ಬಾಗಿಲಾಚೆ ಬಿಟ್ಟರೆ ನೋಟೀಸು. ಎಲೆಯಡಿಕೆ ಉಗುಳಿದರೆ ಕ್ಯಾಮೆರಾ. ಟೆರೇಸಿಗೆ ಬೀಗ.

"ಬಿಸ್ಲು ಅದರ ಪಾಡಿಗದು ಬೀಳ್ತದೆ ಮ್ಯಾಲೆ. ಯಾರಪ್ಪನ ಮನೆ ಗಂಟು ಓಗ್ತದೆ? ಬಿಸ್ಲಿಗೂ ಬೀಗ ಆಕವ್ರೆ" ಎನ್ನುತ್ತಿದ್ದಳು.

ಆದರೂ ಆಕೆ ದಾರಿ ಮಾಡಿಕೊಂಡಿದ್ದಳು. ಹನುಮೇಶನಿಗೆ ಅವರೆಕಾಳಿನ ಸಾರು ಕೊಟ್ಟು, ಟೆರೇಸಿನ ಬೀಗದ ಕೈ ಇಸಿದುಕೊಂಡು, ಹಳೇ ಸೀರೆ ಹಾಸಿ ಸಂಡಿಗೆ, ಹುರುಳಿ, ಒಣಮೆಣಸಿನಕಾಯಿ ಹರಡುತ್ತಿದ್ದಳು. ಊರಿನ ಗೆಳತಿ ರಾಮಕ್ಕ ಸೊಪ್ಪಿನ ಗಂಟು ಹೊತ್ತು ಬಂದರೆ ಇಬ್ಬರೂ ಸೋಲಾರ್ ಫಲಕಗಳ ನೆರಳಲ್ಲಿ ಕೂತು ಕಾಗೆ ಓಡಿಸುತ್ತ ಹೊತ್ತು ಕಳೆಯುತ್ತಿದ್ದರು. ಜಮೀನು ಕೊಟ್ಟ ಮನೆಯವರು ಎಂದು ಕಮಿಟಿಯವರು ಕಂಡೂ ಕಾಣದಂತಿದ್ದರು.

ಮುನೀಂದ್ರನಿಗೆ ತಾನು ಬಂದಾಗಲೆಲ್ಲ ಅಣ್ಣನ ಮನೆಯಲ್ಲಿ ಯಾರೂ ಇರುವುದಿಲ್ಲ ಎಂಬುದು ಕ್ರಮೇಣ ಅರ್ಥವಾಯಿತು. ಆ ಬೇಸಗೆಯಲ್ಲಿ ಒಂದು ದಿನ ಬೆಳಿಗ್ಗೆಯೇ ಏರಿಸಿಕೊಂಡು ಬಂದು ಗೇಟಿನ ಕಂಬಿ ಹಿಡಿದು ನಿಂತ. ಕೆಲಸಕ್ಕೆ ಹೊರಟ ಕಾರುಗಳು ಹಿಂದೆ ಸಾಲುಗಟ್ಟಿದವು.

"ಇದು ನಮ್ಮಪ್ಪನ ಒಲ ಕಣ್ರೋ! ನೀನು ನಿಂತಿದ್ದೀಯಲ್ಲ, ಅಲ್ಲಿ ನಾನು ಉತ್ತಿದೀನಿ! ನನ್ನ ಕೇಳ್ತೀಯಾ ಯಾರು ಅಂತ?"

ಅಲ್ಲಿದ್ದ ಸೆಕ್ಯೂರಿಟಿಯವನು ಅಸ್ಸಾಮಿನ ಕಡೆಯವನು, ಕನ್ನಡ ತಿಳಿಯದು. ಅವನು ಕೈಮುಗಿದು ರಿಜಿಸ್ಟರ್ ಮುಂದೆ ಚಾಚಿದ. ಮುನೀಂದ್ರ ಅವನ ಕೆನ್ನೆಗೆ ಬಾರಿಸಿದ. ಸಂಜೆಗೆಲ್ಲ ಅಸೋಸಿಯೇಷನ್ ಕಾರ್ಯದರ್ಶಿ ಹೇಮಲತಾ ಅವರ ನೋಟೀಸು ಲಿಫ್ಟುಗಳಲ್ಲಿ ಅಂಟಿತು: ಈ ವ್ಯಕ್ತಿಗೆ ಆವರಣದೊಳಗೆ ಪ್ರವೇಶವಿಲ್ಲ.

ಮರುದಿನ ನೀರಿನ ಟ್ಯಾಂಕರ್ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

ಬೋರ್‌ವೆಲ್‌ಗಳು ಬತ್ತಿ ತಿಂಗಳಾಗಿತ್ತು. ನೀರು ತರುತ್ತಿದ್ದದ್ದು ಊರಿನ ಕೃಷ್ಣಪ್ಪನ ಟ್ಯಾಂಕರುಗಳು, ಕೃಷ್ಣಪ್ಪ ಮುನೀಂದ್ರನ ಭಾವಮೈದುನ. ಬೇರೆ ಟ್ಯಾಂಕರಿನವರು ಅವನನ್ನು ಎದುರುಹಾಕಿಕೊಂಡು ಬರಲು ಒಪ್ಪಲಿಲ್ಲ. ನಲ್ಲಿಯಲ್ಲಿ ಬೆಳಿಗ್ಗೆ ಸ್ವಲ್ಪ ಹೊತ್ತು ನೀರು, ಆಮೇಲೆ ಬರೀ ಗಾಳಿ. ಟೈ ಕಟ್ಟಿದವರು ಕುಡಿಯುವ ನೀರಿನ ಕ್ಯಾನು ಹೆಗಲ ಮೇಲಿಟ್ಟುಕೊಂಡು ಓಡಾಡಿದರು. ಲಿಫ್ಟಿನಲ್ಲಿ ವೇಣಿ ಕಂಡರೆ ಮಾತು ನಿಲ್ಲುತ್ತಿತ್ತು.

ಬಾಲಾಜಿ ರಾತ್ರಿ ಊಟಕ್ಕೆ ಕೂತಾಗ ವಿಷಯ ತೆಗೆದ.

"ಕೃಷ್ಣಪ್ಪನ ಹತ್ರ ಮಾತಾಡ್ಕೊಂಡು ಬಂದೆ. ಚಿಕ್ಕಪ್ಪನಿಗೆ ಒಂದು ಪಾಸ್ ಮಾಡಿಸ್ಕೊಟ್ರೆ ನಾಳೆನೇ ಟ್ಯಾಂಕರ್ ಬಿಡ್ತಾನಂತೆ. ಕಮಿಟಿಯವ್ರೂ ಒಪ್ಪೋ ಹಾಗಿದಾರೆ."

"ಪಾಸ್ ಅಂದ್ರೆ?"

"ಗೇಟಲ್ಲಿ ತೋರಿಸ್ಬಿಟ್ಟು ಬರೋದು. ಕೇಳೋ ಹಾಗಿಲ್ಲ, ಫೋನ್ ಮಾಡೋ ಹಾಗಿಲ್ಲ."

"ನಮ್ಮನೆಗೆ."

"ಮತ್ತಿನ್ಯಾರ ಮನೆಗೆ? ನೋಡು ವೇಣಿ, ನನ್ನ ಬಸ್ಸೆಲ್ಲಾ ನಿಲ್ಸಿರೋದು ಕೃಷ್ಣಪ್ಪನ ಜಾಗದಲ್ಲಿ. ವಯಸ್ಸಾಗಿದೆ ಚಿಕ್ಕಪ್ಪನಿಗೆ. ಬರ್ತಾನೆ, ಎರಡು ತುತ್ತು ತಿಂತಾನೆ, ಹೋಗ್ತಾನೆ."

"ನೀವು ಮನೇಲಿರ್ತೀರಾ ಅವ್ರು ಬಂದಾಗ?"

ಬಾಲಾಜಿ ಮಜ್ಜಿಗೆ ಬಡಿಸಿಕೊಂಡ. ಮಾರಕ್ಕ ಇಬ್ಬರನ್ನೂ ನೋಡಿದಳು.

ಭಾನುವಾರ ಕ್ಲಬ್‌ಹೌಸಿನಲ್ಲಿ ಸಭೆ ಸೇರಿತು. ಸ್ನಾನ ಕಾಣದ ಜನ, ತಲೆಗೊಂದು ಮಾತು. ಹೇಮಲತಾ ಹಾವೇರಿ ಕಡೆಯ ಹೆಂಗಸು, ಹಿಂದೆ ಬ್ಯಾಂಕಿನಲ್ಲಿದ್ದವರು. ಬಿಗಿಯಾದ ಮನುಷ್ಯರು, ಆದರೆ ಮೋಸವಿಲ್ಲ ಎಂದು ಎಲ್ಲರೂ ಒಪ್ಪುತ್ತಿದ್ದರು. ಅವತ್ತು ಅವರೂ ಸೋತ ಮುಖ ಮಾಡಿಕೊಂಡೇ ಎದ್ದು ನಿಂತರು.

"ನೋಡ್ರಿ, ಅವ್ರು ಈ ಜಮೀನಿನ ಮೂಲ ಮನೆತನದವ್ರು. ಸೆಕ್ಯೂರಿಟಿ ಹುಡುಗನ ಹತ್ರ ತಪ್ಪಾತು ಅಂತ ಹೇಳ್ತಾರಂತ. ಇದೊಂದು ಪ್ರಕರಣಕ್ಕ ಅಂತ ಹೇಳಿ ಒಂದು ಫ್ಯಾಮಿಲಿ ಪಾಸ್ ಕೊಡೂಣು ಅಂತ ಕಮಿಟಿ ವಿಚಾರ ಮಾಡೇದ. ಯಾರದರ ಅಭ್ಯಂತರ ಐತೇನ್ರಿ?"

ಯಾರದೂ ಇರಲಿಲ್ಲ. ಕೆಲವರು ಆಗಲೇ ಏಳಲು ಕುರ್ಚಿ ಹಿಂದೆ ತಳ್ಳಿದ್ದರು. ವೇಣಿ ಎದ್ದು ನಿಂತಳು. ಅವಳು ಸಭೆಯಲ್ಲಿ ಮಾತಾಡಿದವಳಲ್ಲ.

"ಪಾಸ್ ಕೊಡಿ ಮೇಡಂ. ಆದ್ರೆ ಅದರ ಮೇಲೆ ನಿಮ್ಮನೆ ನಂಬರ್ ಬರೀರಿ."

"ಅಂದ್ರ?"

"ಅವ್ರು ನಿಮ್ಮನೆಗೆ ಬರ್ಲಿ. ನೀವು ಬಾಗಿಲು ತೆಗೀರಿ, ನೀವು ಊಟಕ್ಕೆ ಹಾಕಿ. ಇಲ್ಲಾ, ಯಾರ್ಯಾರು ಈಗ ಅಭ್ಯಂತರ ಇಲ್ಲ ಅಂದ್ರೋ ಅವ್ರೆಲ್ಲಾ ಒಂದೊಂದು ದಿನ ಕರ್ಕೊಳ್ಳಿ. ನಮ್ಮನೆಗೆ ಬೇಡ."

"ವೇಣಿ, ಕೂತ್ಕೋ" ಎಂದ ಬಾಲಾಜಿ ಮೆಲ್ಲಗೆ.

ಅವಳು ಕೂರಲಿಲ್ಲ. "ಮನೆಯವ್ರು ಹೂಂ ಅಂದ್ರೆ ಮಾತ್ರ ಒಳಗೆ ಬಿಡೋದು ಅಂತ ನೀವೇ ನಿಯಮ ಮಾಡಿರೋದು. ನಾನು ಈ ಮನೆಗೆ ಬಂದಾಗಿಂದ ಅದನ್ನೇ ನಂಬ್ಕೊಂಡಿದೀನಿ. ನಿಯಮ ಅಂದ್ಮೇಲೆ ಎಲ್ಲಾರ್ಗೂ ಒಂದೇ ಇರ್ಬೇಕಲ್ವಾ? ನೀರಿಗೆ ಅಂತ ನಮ್ಮನೆ ಬಾಗಿಲು ತೆಗೆದು ಕೊಟ್ರೆ ಹೇಗೆ?"

ಹೇಮಲತಾ ಕನ್ನಡಕ ತೆಗೆದು ಒರೆಸಿದರು. ಗಂಡ ಒಂದು ಹೇಳುತ್ತಾನೆ, ಹೆಂಡತಿ ಒಂದು ಹೇಳುತ್ತಾಳೆ, ನಡುವೆ ತೀರ್ಮಾನ ಮಾಡುವುದು ಅವರಿಗೆ ಬೇಕಿರಲಿಲ್ಲ. "ಮನಿ ಯಾರ ಹೆಸರಿಗೈತ್ರಿ?" ಎಂದು ಕೇಳಿದರು.

ಮನೆ ಮಾರಕ್ಕನ ಹೆಸರಿನಲ್ಲಿತ್ತು. ಎಲ್ಲರೂ ಹಿಂದಿನ ಸಾಲಿನ ಕಡೆ ತಿರುಗಿದರು. ಬಾಲಾಜಿಯ ಹೆಗಲು ಸಡಿಲವಾದದ್ದನ್ನು ವೇಣಿ ಕಂಡಳು. ಅತ್ತೆ ಮೈದುನನನ್ನು ಬಿಟ್ಟುಕೊಡುವವಳಲ್ಲ. ಈ ಜಾಗದ ಒಂದು ನಿಯಮವನ್ನೂ ಆಕೆ ಇದುವರೆಗೆ ಒಳ್ಳೆಯದು ಎಂದದ್ದಿಲ್ಲ.

ಮಾರಕ್ಕ ಎದ್ದು ಸೆರಗು ಸರಿಮಾಡಿಕೊಂಡಳು. ಅಷ್ಟು ಜನ ತನ್ನನ್ನೇ ನೋಡುತ್ತಿದ್ದುದು ಆಕೆಗೆ ಮುಜುಗರವಾದಂತಿತ್ತು. ಸಭೆಯನ್ನು ಬಿಟ್ಟು ಮಗನನ್ನೊಬ್ಬನನ್ನೇ ನೋಡಿಕೊಂಡು ಮಾತಾಡಿದಳು.

"ಅವ್ನು ಕುಡ್ಕಂಡು ಬಂದಾಗೆಲ್ಲಾ ಇಕ್ಕಿದ್ದು ನಾನೇ ಕಣಪ್ಪ, ಇವ್ಳು ಬರೋಕೆ ಮುಂಚೆ. ಜುಟ್ಟು ಇಡ್ಕಂಡು ಎಳ್ದಿದಾನೆ ಒಂದ್ ದಪ. ನೀನಿನ್ನೂ ಕೂಸು. ನಿಮ್ಮಪ್ಪ ಇರೋವಾಗ ಬ್ಯಾಡ ಅನ್ನಕಾಯ್ತಿತ್ತಾ ನಂಗೆ? ಈವಾಗ ಯಾರೋ ಪುಣ್ಯಾತ್ಮ ಫೋನ್ ಮಾಡಿ ಕೇಳ್ತವ್ನೆ, ಬಿಡ್ಲಾ ಬ್ಯಾಡ್ವಾ ಅಂತ. ಕೇಳಿದ್ಮ್ಯಾಲೆ ಬ್ಯಾಡ ಅಂದ್ರೆ ತಪ್ಪಾ?"

ಅದನ್ನು ವೇಣಿಯೂ ಮೊದಲ ಸಲ ಕೇಳುತ್ತಿದ್ದಳು. ಬಾಲಾಜಿ ನೆಲ ನೋಡಿದ. ಪಾಸಿನ ಮಾತು ಅಲ್ಲಿಗೆ ಬಿದ್ದುಹೋಯಿತು.

ಸಭೆ ಅಷ್ಟಕ್ಕೇ ಮುಗಿಯಬಹುದಿತ್ತು. ಆದರೆ ಮೂಲೆಯಿಂದ ಯಾರೋ ಕೇಳಿದರು: ನಿಯಮ ಎಲ್ಲರಿಗೂ ಒಂದೇ ಅಂದಮೇಲೆ ಟೆರೇಸಿನ ಕಥೆ ಏನು? ನಮ್ಮ ಮನೆಯವರು ಬಟ್ಟೆ ಒಣಗಿಸೋಕೆ ಕೇಳಿದರೆ ಆಗಲ್ಲ ಅಂದಿರಿ, ಅಲ್ಲಿ ದಿನಾ ಸಂಡಿಗೆ ಒಣಗ್ತಿದೆ.

ಹೇಮಲತಾ ಒಂದು ಕ್ಷಣ ವೇಣಿಯನ್ನು ನೋಡಿದರು. "ಅದೂ ಖರೇನ. ಇಷ್ಟ ದಿನ ನಾವು ಕಣ್ಣು ಮುಚ್ಚಿಕೊಂಡು ಕುಂತಿದ್ವಿ. ಇನ್ನ ಹಂಗ ಮಾಡಾಕ ಬರೂದಿಲ್ಲ. ಬೀಗದ ಕೈ ಆಫೀಸಿನ್ಯಾಗ ಇರ್ಲಿ. ಒಪ್ಪಿಗಿ ಇದ್ದವ್ರು ಕೈ ಎತ್ರಿ."

ಕೈಗಳು ಎದ್ದವು. ನಿಯಮ ಎಲ್ಲರಿಗೂ ಒಂದೇ ಎಂದು ಆಡಿದವಳು ವೇಣಿಯೇ. ಕೈ ಎತ್ತಲಿಲ್ಲ, ಬೇಡವೆಂದೂ ಹೇಳಲಿಲ್ಲ. ಮಾರಕ್ಕನಿಗೆ ಏನು ನಡೆಯಿತೆಂದು ಅರ್ಥವಾದದ್ದು ಮರುದಿನ, ಹನುಮೇಶ ಬೀಗದ ಕೈ ಇಲ್ಲ ಅಜ್ಜಿ ಎಂದು ಕೈಯಲ್ಲಾಡಿಸಿದಾಗ. ಆಕೆ ಹುರುಳಿಯ ಮೊರ ಹೊತ್ತು ಹಾಗೇ ವಾಪಸು ಬಂದು, ಅದನ್ನು ಬಾಲ್ಕನಿಯ ಒಂದು ಗೇಣು ಬಿಸಿಲಿನಲ್ಲಿ ಇಟ್ಟಳು. ಸೊಸೆಯ ಮೇಲೆ ರೇಗಲಿಲ್ಲ. ರೇಗಿದ್ದರೆ ಚೆನ್ನಾಗಿತ್ತು ಎಂದು ವೇಣಿಗೆ ಅನ್ನಿಸಿತು. ಕೆಳಗಿನ ತೋಟದ ಪಕ್ಕ ಒಣಗಿಸಲು ಜಾಗ ಕೊಡಿ ಎಂದು ಅವಳು ಅರ್ಜಿ ಬರೆದುಕೊಟ್ಟಳು. ನೋಡೂಣು ಎಂದರು ಹೇಮಲತಾ. ಅದನ್ನು ಇನ್ನೂ ನೋಡುತ್ತಿದ್ದಾರೆ.

ನೀರು ಇನ್ನೂ ಕೆಲವು ದಿನ ಬರಲಿಲ್ಲ. ಹೇಮಲತಾ ಪೊಲೀಸ್ ಠಾಣೆಗೂ ತಾಲ್ಲೂಕು ಕಚೇರಿಗೂ ಅಲೆದರು, ರಾಜ್ಯದ ಗಡಿಯಾಚೆಯಿಂದ ಒಂದೆರಡು ಟ್ಯಾಂಕರ್ ತರಿಸಿದರು. ಕೊನೆಗೆ ಕೃಷ್ಣಪ್ಪನೇ ಯೋಚನೆ ಮಾಡಿದ. ಭಾವನ ಸಿಟ್ಟಿಗೆ ಟ್ಯಾಂಕರ್ ನಿಲ್ಲಿಸಿಕೊಂಡು ಕೂತರೆ ತನ್ನ ಡ್ರೈವರುಗಳು ಬೇರೆಯವರ ಹತ್ತಿರ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಹೇಳದೆ ಕೇಳದೆ ಟ್ಯಾಂಕರುಗಳು ಮತ್ತೆ ಬಂದವು. ಆದರೆ ಬಾಲಾಜಿಗೆ ಬಸ್ಸು ನಿಲ್ಲಿಸುವ ಜಾಗ ತಪ್ಪಿತು. ಅವನು ಚಂದಾಪುರದ ಹತ್ತಿರ ಬೇರೆ ಜಾಗ ಹುಡುಕಿದ. ಆ ತಿಂಗಳೆಲ್ಲ ಹೆಂಡತಿಯ ಜೊತೆ ಉಪ್ಪು ಬೇಕು, ನೀರು ಬೇಕು ಎನ್ನುವಷ್ಟೇ ಮಾತು. ಅವನ ಅಕ್ಕ ಶಾಂತಿ ಫೋನಿನಲ್ಲಿ, "ಮನೆ ಮಾತನ್ನ ಊರ ಮುಂದೆ ಆಡ್ದೆ ನೀನು" ಎಂದಳು. ಕೃಷ್ಣಪ್ಪನ ಮಗಳ ಮದುವೆಗೆ ಕರೆಯಲಿಲ್ಲ.

ರಾಮಕ್ಕ ಬರುವುದೂ ನಿಂತಿತ್ತು. ಗಲಾಟೆಯಾದ ಮೇಲೆ ಗೇಟಿನಲ್ಲಿ ಬಿಗಿಯಾಗಿ, ಗಂಟುಮೂಟೆ ಇದ್ದವರು ಸರ್ವಿಸ್ ಲಿಫ್ಟಿನಲ್ಲೇ ಹೋಗಬೇಕೆಂದು ಹೇಳಿದ್ದರು. "ನಾನೇನು ಸಾಮಾನಾ, ಸಾಮಾನಿನ ಲಿಫ್ಟಲ್ಲಿ ಬರಕ್ಕೆ?" ಎಂದು ರಾಮಕ್ಕ ಸೊಪ್ಪನ್ನು ಗೇಟಿನಲ್ಲೇ ಇಟ್ಟು ಹೋಗಿದ್ದಳು. ವೇಣಿ ಊರಿಗೆ ಹೋಗಿ ಕರೆದಳು, ತಾನೇ ಗೇಟಿಗೆ ಇಳಿದು ಬಂದು, ಸೊಪ್ಪಿನ ಗಂಟು ತನ್ನ ಕೈಗೆ ತೆಗೆದುಕೊಂಡು, ಎಲ್ಲರೂ ಹೋಗುವ ಲಿಫ್ಟಿನಲ್ಲೇ ಕರೆತಂದಳು. ಒಳಗಿದ್ದ ಗಂಡಸೊಬ್ಬ ಗಂಟನ್ನು ದಿಟ್ಟಿಸಿದ. "ನಮ್ಮ ನೆಂಟ್ರು" ಎಂದಳು ವೇಣಿ. ಅವನು ಫೋನು ನೋಡತೊಡಗಿದ. ಮುಂದಿನ ಚುನಾವಣೆಯಲ್ಲಿ ಅವಳು ಕಮಿಟಿಗೆ ನಿಂತು ಗೆದ್ದಳು. ಹೇಮಲತಾ ಅವರೇ ಅವಳ ಹೆಸರು ಸೂಚಿಸಿದರು.

ಗೌರಿ ಹಬ್ಬ ಕಳೆದ ಮೇಲೆ ಒಂದು ಮಧ್ಯಾಹ್ನ ಇಂಟರ್‌ಕಾಮ್ ಬಂತು.

"ಮೇಡಂ, ಮುನೀಂದ್ರ ಅವ್ರು ಬಂದಿದಾರೆ. ನೋಟೀಸಿದೆಯಲ್ಲ, ಕಮಿಟಿ ಹೇಳಿದ್ರೆ ಬಿಡ್ತೀನಿ, ನೀವೂ ಹೂಂ ಅನ್ಬೇಕು."

"ಹೇಗಿದಾರೆ?"

ಹನುಮೇಶ ದನಿ ತಗ್ಗಿಸಿದ. "ಸರಿಯಾಗೇ ಇದಾರೆ ಮೇಡಂ. ಒಗೆದ ಶರ್ಟ್ ಹಾಕಿದಾರೆ. ಆ ಸೆಕ್ಯೂರಿಟಿ ಹುಡುಗನ ಹತ್ರ ಏನೋ ಮಾತಾಡಿದ್ರು, ಅವ್ನಿಗೆ ಅರ್ಥ ಆಗಿಲ್ಲ."

ವೇಣಿ ಅತ್ತೆಯ ಕಡೆ ನೋಡಿದಳು. "ಬಿಡೋದಾ ಬ್ಯಾಡ್ವಾ ನೀನೇ ಏಳು" ಎಂದಳು ಮಾರಕ್ಕ, ಅವರೆಕಾಯಿ ಸುಲಿಯುತ್ತ. ವೇಣಿ ಹೇಮಲತಾಗೆ ಫೋನ್ ಮಾಡಿ ವಿಷಯ ತಿಳಿಸಿ, ಒಪ್ಪಿಗೆ ಪಡೆದು, ಆಮೇಲೆ ಗೇಟಿಗೆ ಹೂಂ ಎಂದಳು.

ಮುನೀಂದ್ರ ಬಾಗಿಲಲ್ಲೇ ಚಪ್ಪಲಿ ಕೈಯಲ್ಲಿ ಹಿಡಿದು, ಎಲ್ಲಿಡಬೇಕೆಂದು ಕೇಳಿದ. ತಗ್ಗಿಸಿದ ತಲೆ ಎತ್ತದೆ ಊಟ ಮಾಡಿದ. ವೇಣಿ ಬಡಿಸಿದಳು, ಮೊದಲಿನಂತೆ ಪಕ್ಕದಲ್ಲಿ ನಿಲ್ಲಲಿಲ್ಲ, ತಾನೂ ತಟ್ಟೆ ಹಾಕಿಕೊಂಡು ಕೂತಳು. ಕೈ ತೊಳೆದ ಮೇಲೆ ಅವನು ಬಾಲ್ಕನಿಗೆ ಹೋಗಿ ಬಹಳ ಹೊತ್ತು ಕೆಳಗೆ ನೋಡಿದ. ಮಾರಕ್ಕನೂ ಎದ್ದು ಹೋಗಿ ಪಕ್ಕದಲ್ಲಿ ನಿಂತಳು.

"ನಮ್ಮ ಬಾವಿ ಎಲ್ಲಿತ್ತು ಅತ್ತಿಗೆ? ಆ ಈಜುಕೊಳ ಐತಲ್ಲ, ಅಲ್ಲೇ ಅಲ್ವಾ?"

"ಎಲ್ಲೀದು? ಅದು ಹುಣಸೇಮರ ಇದ್ದ ಜಾಗ. ಬಾವಿ ಇನ್ನೂ ಈ ಕಡೀಕೆ."

"ಇಲ್ಲ ಅತ್ತಿಗೆ, ನಂಗೆ ಗೊತ್ತಿಲ್ವಾ?"

"ನಿಂಗೇನು ಗೊತ್ತು? ನೀರು ಸೇದಿದ್ದು ನೀನಾ?"

ಇಬ್ಬರೂ ಕಂಬಿಯ ಮೇಲೆ ಬಗ್ಗಿ ಕೈ ತೋರಿಸಿ ತೋರಿಸಿ ವಾದ ಮಾಡುತ್ತಿದ್ದರು. ವೇಣಿ ತಟ್ಟೆಗಳನ್ನೆಲ್ಲ ಒಟ್ಟುಮಾಡಿಕೊಂಡು ತೊಳೆಯಲು ಹೋದಳು.