ಏಕಾದಶಿಯ ಗುಬ್ಬಿಗಳು

ಕಾರ್ತಿಕದ ಮಳೆ ಐದು ದಿನ ಅಡ್ಯಾರನ್ನು ತೋಯಿಸಿ ಶುಕ್ರವಾರ ಬೆಳಿಗ್ಗೆ ಬಿಟ್ಟಿತು. ಹಿತ್ತಲ ನುಗ್ಗೆಮರಕ್ಕೆ ಕಟ್ಟಿದ್ದ ತೆಂಗಿನ ಚಿಪ್ಪುಗಳ ಮೇಲೆ ಗುಬ್ಬಿಗಳು ಬಂದು ಕೂತವು. ಚಿಪ್ಪು ಖಾಲಿ.

ಕಿಟಕಿ ಪಕ್ಕದ ಮಂಚದಲ್ಲಿ ಜಯಲಕ್ಷ್ಮಿ. ಹದಿನಾಲ್ಕು ವರ್ಷ, ಒಂದು ಹಿಡಿ ಮೂಳೆ. ಧನುರ್ಮಾಸದ ಚಳಿಗೆ ಮುಂಚೆ ಹೊಟ್ಟೆಗೆ ನಾಲ್ಕು ಅಗುಳು ಬೀಳದಿದ್ದರೆ ಉಳಿಯುವುದಿಲ್ಲ ಅಂದಿದ್ದರು ಡಾಕ್ಟರು. ಅವಳದೋ ಒಂದೇ ಹಟ: ಗುಬ್ಬಿ ತಿಂದರೆ ತಾನೂ ತಿನ್ನುತ್ತಾಳೆ, ಇಲ್ಲದಿದ್ದರೆ ಬಾಯಿ ಬಿಡುವುದಿಲ್ಲ. ಮಳೆಯ ಐದು ದಿನ ಬರೀ ಕಾಫಿಯಲ್ಲಿ ಕಳೆದಿದ್ದಳು.

"ಅಪ್ಪಾ, ಒಂದು ಹಿಡಿ ಅಕ್ಕಿ ಕೊಡಿ," ಅಂದ ಅಣ್ಣ ಬದರಿನಾಥ.

"ಏಕಾದಶಿ ಕಣೋ. ಇವತ್ತು ಅಕ್ಕಿ ಡಬ್ಬ ಮುಟ್ಟೋ ಹಾಗಿಲ್ಲ," ಜಪಮಣಿ ಬಿಡದೆ ಅಂದರು ವಿಷ್ಣುತೀರ್ಥರು.

"ಗುಬ್ಬಿಗೂ ಏಕಾದಶಿಯಾ? ಮಠದಲ್ಲಿ ಅದಕ್ಕೂ ಮುದ್ರೆ ಹಾಕಿಸಿದ್ದೀರಾ?"

"ಸ್ಕೂಲು ಬಿಟ್ಟೋನಿಗೆ ನಾಲಿಗೆ ಮಾತ್ರ ಉದ್ದ. ನಾಳೆ ದ್ವಾದಶಿ, ಬೆಳಕು ಹರಿಯೋದ್ರೊಳಗೆ ಅನ್ನ ಆಗತ್ತೆ."

ರೇಷನ್ನಿನ ಕಾಲ, ಬೀದಿಯಂಗಡಿಯಲ್ಲಿ ಒಂದು ಕಾಳಿಲ್ಲ. ಬದರಿ ಕುದಿಯುತ್ತಲೇ ಪಲ್ಲಾವರಂ ಸಂತೆಗೆ ಸೈಕಲ್ ತುಳಿದ. ಮುದುಕನೊಬ್ಬ ಭತ್ತ ಅಳೆಯುತ್ತಾ, "ಬಿತ್ತೋಕಾ, ತಂಬಿ?" ಅಂತ ತಮಿಳಿನಲ್ಲಿ ಕೇಳಿದ.

"ಏನಕ್ಕಾದ್ರೇನು, ಸುರಿಯಯ್ಯಾ!"

ಕಾಳಿಗೆ ಬೂದು ಪುಡಿ ಮೆತ್ತಿತ್ತು. ಮುದುಕ ಹಿಂದಿನಿಂದ ಏನೋ ಕೂಗಿದ. ಬದರಿಯ ತಲೆಯಲ್ಲಿ ಅಪ್ಪನ ಜೊತೆ ಜಗಳ ಇನ್ನೂ ನಡೆದಿತ್ತು, ಕಿವಿಗೆ ಬೀಳಲಿಲ್ಲ.

ಮಧ್ಯಾಹ್ನ ಗುಬ್ಬಿಗಳು ಚಿಪ್ಪಿಗೆ ಮುಗಿಬಿದ್ದವು.

"ಬದರಣ್ಣ, ಆ ಕುಳ್ಳಿ ನೋಡು, ಗಂಡನ್ನೇ ತಳ್ತಾಳೆ!" ಜಯ ನಕ್ಕಳು. ಅರ್ಧ ಬಟ್ಟಲು ರವೆಗಂಜಿ ಕುಡಿದಳು. ಬದರಿ ಗೆದ್ದವನ ಹಾಗೆ ಅಪ್ಪನ ಮುಖ ನೋಡಿದ.

ನಾಲ್ಕು ಗಂಟೆಗೆ ಕುಳ್ಳಿ ರೆಂಬೆಯಿಂದ ಕೆಸರಿಗೆ ಬಿದ್ದಳು. ಆಮೇಲೆ ಇನ್ನೊಂದು. ಆಮೇಲೆ ಮೂರು ಒಟ್ಟಿಗೆ. ಬಿತ್ತನೆ ಭತ್ತಕ್ಕೆ ಹುಳ ಹತ್ತದಿರಲಿ ಅಂತ ವಿಷದ ಪುಡಿ ಬೆರೆಸುತ್ತಾರೆ ಅನ್ನೋದು ಬದರಿಗೆ ಆಗ ಹೊಳೆಯಿತು. ಓಡಿ ಚಿಪ್ಪುಗಳನ್ನೆಲ್ಲ ಕಿತ್ತ. ಕಿಟಕಿ ಮುಚ್ಚಲು ಹೋದರೆ ಜಯ ಬಿಡಲಿಲ್ಲ. ಕೊನೆಯದು ಒದ್ದಾಡಿ ನಿಲ್ಲುವ ತನಕ ನೋಡಿದಳು.

ದ್ವಾದಶಿಯ ಬೆಳಿಗ್ಗೆ ವಿಷ್ಣುತೀರ್ಥರೇ ಬಿಸಿ ಅನ್ನ ತಂದು ಮರದ ಬುಡದಲ್ಲಿಟ್ಟರು. ಬೈಯಲಿಲ್ಲ. ಬೈದಿದ್ದರೆ ಬದರಿಗೆ ಎದುರು ಮಾತಾದರೂ ಸಿಗುತ್ತಿತ್ತು. ಅಪ್ಪ ಮಗ ಮೆಟ್ಟಿಲ ಮೇಲೆ ಕೂತು ಕಾದರು. ಅನ್ನ ಆರಿತು. ಇರುವೆ ಮುತ್ತಿದವು.

ಬದರಿ ಗಂಜಿ ಬಟ್ಟಲು ಹಿಡಿದು ಒಳಗೆ ಹೋದ. "ಒಂದು ಗುಬ್ಬಿ ಬಂತು ಕಣೆ. ತಿಂದು ಹೋಯ್ತು."

ಗೋಡೆ ಕಡೆ ಮಲಗಿದ್ದ ಜಯ ತಿರುಗಲಿಲ್ಲ.

"ಎಲ್ಲಿ ಬಿತ್ತು?" ಅಂದಳು.