ಬೆನ್ನು ನೋಡುವ ಗೂಬೆ

ಗಂಡನ ಹೆಣದ ಕಾಲ ಬಳಿ ಹೂವಿಡಲು ಬಗ್ಗಿದವಳು ಥಟ್ಟನೆ ಹಿಂದಕ್ಕೆ ತಿರುಗಿದಳು. ಅಷ್ಟರಲ್ಲಿ ಗೂಬೆ ಕತ್ತು ಹೊರಳಿಸಿಕೊಂಡು, ತನಗೇನೂ ಗೊತ್ತೇ ಇಲ್ಲವೆಂಬಂತೆ ಗೋಡೆ ನೋಡುತ್ತಿತ್ತು.

"ನೋಡಿದ್ಯಾ?" ಎಂದಳು ನಾದಿನಿಗೆ. "ಹೋದಮೇಲೂ ಕಾವಲು ಬಿಟ್ಟಿಲ್ಲ ನಿಮ್ಮಣ್ಣ."

ಗೂಬೆಯೆಂದರೆ ಹಕ್ಕಿಯಲ್ಲ. ಕಪಾಟಿನ ಮೇಲೆ ಕೂತ ರೋಬಾಟು. ಬಿಸ್ಕತ್ತಿನ ಡಬ್ಬಿಯ ಹೊಟ್ಟೆ, ಎತ್ತ ಬೇಕಾದರೂ ತಿರುಗುವ ಕತ್ತು, ಕಣ್ಣಿನ ಜಾಗದಲ್ಲೊಂದು ಕ್ಯಾಮೆರಾ. ಬೀಗ ರಿಪೇರಿ ಮಾಡುತ್ತಿದ್ದ ಗಂಡ ಅಂಗಡಿ ಮುಚ್ಚಿ ಬಂದಮೇಲೆ ಕೂತು ಕಟ್ಟಿದ್ದು. ಅವನು ಅದನ್ನು ಮರಿ ಎನ್ನುತ್ತಿದ್ದ. ಗೂಬೆಯೆಂದು ಹೆಸರಿಟ್ಟವಳು ಅವಳು. "ಲೋಕದವರೆಲ್ಲ ಹೆಂಡ್ತಿ ಮೇಲೆ ಗೂಬೆ ಕೂರಿಸ್ತಾರೆ. ನಾನು ಕಪಾಟಿನ ಮೇಲೆ ಕೂರಿಸಿದೀನಿ, ಪುಣ್ಯ ಅನ್ಕೋ" ಎಂದು ಅವನು ನಗುತ್ತಿದ್ದ. ಅವಳಿಗೆ ನಗು ಬಂದಿರಲಿಲ್ಲ.

"ಬೀಗದವನಿಗೆ ಯಾರನ್ನೂ ನಂಬಿ ಅಭ್ಯಾಸ ಇರಲ್ಲ ಅತ್ತಿಗೆ," ನಾದಿನಿ ಕರವಸ್ತ್ರದಲ್ಲಿ ಮೂಗೊರೆಸಿಕೊಂಡಳು. "ನಾನೇನೂ ಅನ್ನಲ್ಲಪ್ಪ. ಆದ್ರೂ ಬೆಂಕಿ ಇಲ್ಲದೆ ಹೊಗೆ ಆಡುತ್ತಾ?"

ಹೊರಗೆ ಬೀದಿಯಲ್ಲಿ ಗಂಡಸರು ಹೆಣ ಒಯ್ಯುವ ವ್ಯಾನಿನ ದಾರಿ ಕಾಯುತ್ತಿದ್ದರು. ಅದು ಬರುವುದರೊಳಗೆ ಗಂಡನ ಮುಖದ ಮೇಲೆ ಕೈಯಿಟ್ಟು ಕಳಿಸಿಕೊಡಬೇಕು. ಕೈ ಏಳುತ್ತಿರಲಿಲ್ಲ. ಅದು ತನ್ನನ್ನು ಶಂಕಿಸಿದವನ ಮುಖವೋ ಅಲ್ಲವೋ, ಗೊತ್ತಾಗದೆ ಮುಟ್ಟುವುದು ಹೇಗೆ?

*

ಅನುಮಾನ ಮೊಳೆತದ್ದು ಬಚ್ಚಲ ಬಾಗಿಲಲ್ಲಿ. ಸೋಪಿನ ನೀರಿಗೆ ಕಾಲು ಜಾರಿ ಬಿದ್ದವಳು ಅವನನ್ನು ಕೂಗಿದಳು. ಗೋಡೆಯಾಚೆ ಅವನು ಕೀಲಿಗೆ ಅರ ತಿಕ್ಕುವ ಸದ್ದು ಕೇಳುತ್ತಲೇ ಇತ್ತು; ನಿಲ್ಲಲಿಲ್ಲ. ಗಂಟಲು ಕಟ್ಟುವತನಕ ಕೂಗಿ, ಕೊನೆಗೆ ತೆವಳಿಕೊಂಡು ಹೋದಾಗ ಅವನು ಗಾಬರಿಬಿದ್ದು ಎದ್ದ.

"ಕೂಗಬಾರದಿತ್ತೇನೆ?" ಎಂದ.

ಕೇಳಿಸಿಯೂ ಬರಲಿಲ್ಲ, ಮೇಲಿಂದ ಇಂಥ ನಾಟಕ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬಂತೆ, ಆಮೇಲೆ ಅವಳಿಗೆ ಎಲ್ಲವೂ ಬೇರೆಯಾಗಿ ಕಂಡಿತು. ಅವಳು ಮಾತಾಡುವಾಗ ಅವನು ಅವಳ ಬಾಯಿಯನ್ನೇ ದಿಟ್ಟಿಸುತ್ತಿದ್ದ, ಸುಳ್ಳು ಹಿಡಿಯಲು ಕೂತ ಪೊಲೀಸನ ಹಾಗೆ. ಅವಳು ಬೆನ್ನು ತಿರುಗಿಸಿ ಏನಾದರೂ ಕೇಳಿದರೆ ಉತ್ತರವೇ ಇಲ್ಲ. ಅದಾದ ತಿಂಗಳೊಪ್ಪತ್ತಿನಲ್ಲಿ ಗೂಬೆ ಬಂತು. ಪಾತ್ರೆ ತೊಳೆಯುತ್ತಾ ನಿಂತರೆ ಹಿಂದೆ ಕಿರ್ರೆಂಬ ಸದ್ದು. ತಿರುಗಿದಳೋ, ಅದು ಮುಖ ಆಚೆ ಮಾಡಿತು. ಎದುರಿಗೆ ನೋಡುವ ಧೈರ್ಯವಿಲ್ಲದ ಕಳ್ಳ.

*

ಎಲ್ಲರೂ ಸೋಡಾಬುಡ್ಡಿ ಎಂದು ಕರೆಯುತ್ತಿದ್ದ ಗಂಡನ ಗೆಳೆಯ ಬಂದು ಹೆಣದ ಕಾಲಿಗೆ ಕೈಮುಗಿದ. ಹಲ್ಲಿನ ಸೆಟ್ಟು ಮಾಡುವ ಕೆಲಸದವನು, ದಪ್ಪ ಕನ್ನಡಕ, ಭಾನುವಾರಗಳಲ್ಲಿ ಗಂಡನ ಜೊತೆ ರೋಬಾಟು ಬಿಚ್ಚಿ ಜೋಡಿಸುತ್ತಿದ್ದ ಜೋಡಿ.

ಅವಳು ಅವನ ತೋಳು ಹಿಡಿದು ಕಪಾಟಿನ ಮುಂದೆ ನಿಲ್ಲಿಸಿದಳು. "ಇದು ಏನನ್ನ ನೋಡ್ತಾ ಇತ್ತು? ಇವತ್ತು ನನಗೆ ಗೊತ್ತಾಗಬೇಕು."

"ಈಗ್ಲೇನಾ ಅಕ್ಕಾ? ಜನ ಏನಂತಾರೆ?"

"ಜನ ಅಂದಾಗಿದೆ. ತೆಗಿ."

ಅವನು ಗಂಡನ ಲ್ಯಾಪ್‌ಟಾಪು ತೆರೆದ. "ಅವನದೂ ಒಂದೇ ಗೋಳಾಗಿತ್ತು. ಟ್ರ್ಯಾಕಿಂಗ್ ತಪ್ತಿದೆ ಕಣೋ, ಅವಳು ಈ ಕಡೆ ತಿರುಗಿದ್ರೆ ಸಾಕು ಕೈಬಿಟ್ಟುಬಿಡುತ್ತೆ ಅಂತ. ಕಿಟಕಿ ಬೆಳಕು ಜಾಸ್ತಿ ಅಂದ್ಕೊಂಡ್ವಿ, ಪರದೆ ಹಾಕಿದ್ವಿ. ಬಲ್ಬು ಬದಲಾಯಿಸಿದ್ವಿ. ಕತ್ತಿನ ಮೋಟಾರೂ ಹೊಸದು."

"ಅಂದ್ರೆ ನನ್ನನ್ನೇ ನೋಡೋಕೆ ಮಾಡಿದ್ದು."

"ಹೂಂ. ಯಾರನ್ನ ಹುಡುಕಬೇಕು ಅಂತ ಮೊದಲು ಒಂದಷ್ಟು ಫೋಟೋ ತೋರಿಸ್ತೀವಿ. ಅದರಲ್ಲಿರೋದು ಬಿಟ್ಟು ಬೇರೇನೂ ಅದಕ್ಕೆ ಗೊತ್ತಾಗಲ್ಲ. ಇಲ್ಲಿ..."

ಲ್ಯಾಪ್‌ಟಾಪಿನ ಪರದೆಯ ತುಂಬ ಅವಳ ಬೆನ್ನು. ಒಲೆಯ ಮುಂದೆ, ಬಟ್ಟೆ ಒಣಹಾಕುವಾಗ, ಬಾಗಿಲು ದಾಟುವಾಗ. ಕುತ್ತಿಗೆ, ತುರುಬು, ಬೆನ್ನು. ಮುಖ ಒಂದರಲ್ಲೂ ಇಲ್ಲ.

"ಕದ್ದು ತೆಗೆದಿದಾನೆ!" ನಾದಿನಿ ಉಸಿರೆಳೆದುಕೊಂಡಳು.

ಸೋಡಾಬುಡ್ಡಿ ಹಣೆ ಚಚ್ಚಿಕೊಂಡ. "ಅಯ್ಯೋ ಮಂಕುಬಡಿದವನೇ! ಬರೀ ಬೆನ್ನು ಕಲಿಸಿದಾನೆ. ಮುಖ ಕಂಡ್ರೆ ಇದು ಯಾರೋ ಅಂತ ಬಿಟ್ಟುಬಿಡುತ್ತೆ. ನಾವು ಬಲ್ಬು ಬದಲಾಯಿಸ್ತಾ ಕೂತಿದ್ವಿ."

"ಕದ್ದು ಯಾಕೆ ತೆಗೀಬೇಕಿತ್ತು?" ಅವಳ ದನಿ ಗಡುಸಾಗಿತ್ತು.

"ಎದುರಿಗೆ ನಿಂತ್ಕೋ ಅಂದ್ರೆ ನೀವು ಯಾಕೆ ಅಂತಿದ್ರಿ. ಯಾಕೆ ಅಂದ್ರೆ ಕಿವಿ ವಿಷಯ ಹೇಳಬೇಕಿತ್ತು." ಅವನು ತಡವರಿಸಿದ. "ಅವನಿಗೆ ಕಿವಿ ಹೋಗಿತ್ತು ಅಕ್ಕಾ. ಬಾಯಿ ನೋಡಿ ಮಾತು ತಿಳ್ಕೋತಿದ್ದ. ಬೀಗದೊಳಗಿನ ಟಿಕ್ ಕೇಳಿಸ್ದಿದ್ರೆ ಬೀಗದವನ ಹತ್ರ ಯಾರು ಬರ್ತಾರೆ? ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ದ. ನೀವು ಬಿದ್ರಲ್ಲ, ಅವತ್ತಿನಿಂದ ಇದನ್ನ ಹಿಡ್ಕೊಂಡ. ನೀವು ನೆಲಕ್ಕೆ ಬಿದ್ದದ್ದು ಕಂಡ್ರೆ ಮರಿ ಅವನ ದಿಂಬಿನ ಹತ್ರ ಕೆಂಪು ದೀಪ ಹತ್ತಿಸಬೇಕು."

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು. "ಸತ್ತವನ ಪರ ಯಾರು ಬೇಕಾದ್ರೂ ವಕಾಲತ್ತು ಹಾಕಬಹುದು. ದೀಪ ಹತ್ತಿದ್ದು ನೀನು ನೋಡಿದೀಯಾ?"

"ಇಲ್ಲ. ಹತ್ತುತ್ತೋ ಇಲ್ವೋ ಅವನಿಗೂ ಗೊತ್ತಿರಲಿಲ್ಲ. ಒಂದ್ಸಲ ಬಿದ್ದು ತೋರಿಸು ಅಂತ ನಿಮ್ಮನ್ನ ಕೇಳೋಕಾಗುತ್ತಾ?"

ಬೀದಿಯಲ್ಲಿ ವ್ಯಾನು ಬಂದು ನಿಂತ ಸದ್ದಾಯಿತು. ಹೊರುವವರು ಚಪ್ಪಲಿ ಬಿಟ್ಟು ಒಳಬಂದರು.

ಅವಳು ಕಪಾಟಿಗೆ ಬೆನ್ನು ಮಾಡಿ ನಿಂತಳು. ಗೋಡೆಗೆ ಕೈಕೊಟ್ಟು ಒಂದು ಮಂಡಿಯೂರಿದಳು, ಇನ್ನೊಂದು ಊರಿದಳು, ಆಮೇಲೆ ಮೆಲ್ಲಗೆ ಮಗ್ಗುಲಾಗಿ ನೆಲಕ್ಕೊರಗಿದಳು.

"ಅಯ್ಯೋ, ಅತ್ತಿಗೆ ಬಿದ್ದಳು!" ನಾದಿನಿ ಚೀರಿದಳು. ಜನ ನುಗ್ಗಿದರು.

"ಯಾರೂ ಮುಟ್ಟಬೇಡಿ!"

ಕೆನ್ನೆಯಡಿ ನೆಲ ತಣ್ಣಗಿತ್ತು. ಹಿಂದೆ ಕಿರ್ರೆಂದು ಕತ್ತು ಬಾಗುವ ಸದ್ದು. ಅವಳು ತಿರುಗಲಿಲ್ಲ. ಎದುರಿಗೆ, ಅರೆತೆರೆದ ಬಾಗಿಲಿನಾಚೆ, ಮಲಗುವ ಕೋಣೆ ಕತ್ತಲಾಗಿತ್ತು. ಬಹಳ ಹೊತ್ತು ಕತ್ತಲಾಗಿಯೇ ಇತ್ತು. ಆಮೇಲೆ ಕೆಂಪಾಯಿತು. ಆರಿತು. ಮತ್ತೆ ಕೆಂಪಾಯಿತು. ಪ್ರತಿ ಸಲವೂ ಖಾಲಿ ದಿಂಬಿನ ನಡುವೆ, ಅವನ ತಲೆ ಒತ್ತಿ ಬಿಟ್ಟ ತಗ್ಗು ಕಾಣುತ್ತಿತ್ತು.